ಆಟಿ ಕಳೆದರೂ ಅಟ್ಟಕ್ಕೆ ಹೋಗದ ಚೆನ್ನೆಮಣೆ

ಹಲಸಿನ ಹಲಗೆಯಲ್ಲಿ ಎರಡು ಸಾಲಾಗಿ ಹದಿನಾಲ್ಕು ಗುಳಿ ಕೊರೆದರೆ, ಕಾಯಿ ಹಾಕಿ ಆಡುವ ಚೆನ್ನೆಮಣೆ. ಅಂಥದೊಂದು ನಾನು. ನನ್ನನ್ನು ಕೆತ್ತಿದವರು ಕಾಪುವಿನ ಐತಪ್ಪ ಆಚಾರಿ. ಕೊನೆಯ ಗುಳಿಯಲ್ಲಿ ಉಳಿ ಜಾರಿ ಗೀರೊಂದು ಬಿತ್ತು. ಗುರುತಿಗಾಯ್ತು ಬಿಡು ಎನ್ನುತ್ತಾ ಹೊಟ್ಟನ್ನು ಊದಿದರು. ಆ ಉಸಿರಿನಲ್ಲೇ ನನಗೆ ಜೀವ ಬಂದಿರಬೇಕು.

ಮದುಮಗಳು ಸುಂದರಿಯ ಕಂಕುಳಲ್ಲಿ ನಾನು ಅವಳ ಗಂಡನ ಮನೆ ಸೇರಿದೆ. ಬೀಡಿ ಕಟ್ಟಿ ಚುರುಕಾದ ಬೆರಳು ಅವಳದು. ಮಂಜೊಟ್ಟಿ ಬೀಜದ ಕೆಂಪು ಕಾಯಿಗಳನ್ನು ಗುಳಿಗೆ ಬಿಡುತ್ತಾ ಹೋದರೆ ಮಳೆಹನಿ ಬಿದ್ದ ಹಾಗೆ. ಆದರೆ ಆ ಸುಖ ವರ್ಷಕ್ಕೆ ಒಂದೇ ತಿಂಗಳು. ಜಡಿಮಳೆಯ ಆಟಿ ತಿಂಗಳಿಗೆ ನನ್ನನ್ನು ಇಳಿಸುತ್ತಿದ್ದರು, ಅದು ಮುಗಿಯುವಾಗ ಅಟ್ಟಕ್ಕೇರಿಸುತ್ತಿದ್ದರು. ಆಮೇಲೂ ಆಡಿದರೆ ಮನೆಗೆ ಕೇಡು ಎಂಬ ನಂಬಿಕೆ. ಹನ್ನೊಂದು ತಿಂಗಳು ಹಳೆ ಚಾಪೆಯ ಪಕ್ಕ ಮಲಗಿ ಕಾಯುತ್ತಿದ್ದೆ.

ಸುಂದರಿ ಅಜ್ಜಿಯಾದಳು. ಮಗಳು ವಾರಿಜಳ ಮಗು ಇಂಚರಳಿಗೆ ಐದು ತುಂಬಿದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ. ಆಟಿಸಂ ಎಂದರು ಡಾಕ್ಟರು. ಇಂಥ ಮಕ್ಕಳಿಗೆ ಕಲಿಸುವ ಐರಿನ್ ಟೀಚರ್ ಮನೆಗೆ ಬಂದು, ಮುಖ ನೋಡು ಎಂದು ಒತ್ತಾಯ ಬೇಡ, ಪಕ್ಕದಲ್ಲಿ ಕೂತು ಅವಳಿಗಿಷ್ಟವಾದದ್ದನ್ನೇ ಆಡಿ ಎಂದರು.

"ಒಂದು ಸಲ ನೀವು, ಒಂದು ಸಲ ಅವಳು. ನಡುವೆ ಕಾಯ್ಬೇಕು, ಅಷ್ಟೇ."

"ಕಾಯ್ಲಿಕ್ಕೆ ಎಂತ ಕಷ್ಟ ಟೀಚರೇ?" ಎಂದಳು ಅಜ್ಜಿ.

ಆ ಆಟಿಯಲ್ಲಿ ನನ್ನನ್ನು ಇಳಿಸಿ ಮಗುವಿನೊಂದಿಗೆ ಆಡಲು ಕೂತಾಗ ಗೊತ್ತಾಯಿತು ಕಷ್ಟ. ಇಂಚರಳಿಗೆ ಕೆಂಪು ಕಾಯಿಗಳೆಂದರೆ ಪ್ರಾಣ. ಆದರೆ ಒಂದು ಕಾಯಿ ಹಿಡಿದರೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿರುತ್ತಾಳೆ. ಅಜ್ಜಿಯ ಬೀಡಿಗೈಗೆ ತಡೆಯುತ್ತದೆಯೇ? ಮಗುವಿನ ಪಾಲನ್ನೂ ತಾನೇ ಹಾಕಿಬಿಡುತ್ತಿದ್ದಳು, ಮಗು ಎದ್ದು ಓಡುತ್ತಿತ್ತು. ಕೊನೆಗೆ ಅಜ್ಜಿ ತನ್ನ ಬಲಗೈಯನ್ನು ತೊಡೆಯಡಿಗೆ ತುರುಕಿ ಅದರ ಮೇಲೆ ತಾನೇ ಕೂತಳು. ಎಷ್ಟೋ ಹೊತ್ತಿನ ಮೇಲೆ ಗೀರಿನ ಗುಳಿಗೆ ಟಕ್ಕೆಂದು ಒಂದು ಕಾಯಿ ಬಿತ್ತು. ತಿಂಗಳ ಕೊನೆಗೆ ಇಂಚರ ತನ್ನದು ಹಾಕಿ, ಅಜ್ಜಿಯ ಕೈ ನೋಡುತ್ತಾ ಕಾಯತೊಡಗಿದ್ದಳು.

ಆಟಿಯ ಕಡೆಯ ದಿನ ಪಕ್ಕದ ಮನೆಯ ಜಲಜಕ್ಕ ಹೊಸ್ತಿಲಲ್ಲೇ ನಿಂತು, "ಚೆನ್ನೆ ಇನ್ನೂ ಕೆಳಗೇ ಉಂಟಾ ಸುಂದರಕ್ಕ? ಇದ್ದ ಕಷ್ಟ ಸಾಲದಾ ನಿಮ್ಗೆ?" ಎಂದಳು.

ಬೇಡಮ್ಮ, ಕಲಿತದ್ದೆಲ್ಲ ಹೋದೀತು ಎಂದು ವಾರಿಜ ಗೋಗರೆದಳು. ಆದರೆ ಕೇಡು ಮಗುವಿಗೇ ತಟ್ಟಿದರೆ ಎಂದು ಅಜ್ಜಿಗೆ ಭಯ. ನಾನು ಅಟ್ಟ ಸೇರಿದೆ.

ಅಟ್ಟದ ಹಲಗೆಗಳ ಸಂದಿಯಿಂದ ನೋಡುತ್ತಿದ್ದೆ. ಎರಡು ದಿನ ಇಂಚರ ಖಾಲಿ ನೆಲದೆದುರು ಕೂತಿದ್ದಳು. ಗಂಜಿ ಮುಟ್ಟಲಿಲ್ಲ. ಮೂರನೆಯ ದಿನ ಚಾಪೆಯಡಿ ಅವಳಿಗೆ ಒಂಟಿ ಕಾಯಿಯೊಂದು ಸಿಕ್ಕಿತು. ಬೀಡಿ ಕಟ್ಟುತ್ತಿದ್ದ ಅಜ್ಜಿಯ ಬಳಿ ಬಂದು, ಅವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯ ಗುಳಿಯಲ್ಲಿ ಕಾಯಿ ಇಟ್ಟಳು. ಇಟ್ಟು ಓಡಲಿಲ್ಲ. ಅಲ್ಲೇ ನಿಂತು ಕಾದಳು. ಕೈ ನೋಡಿದಳು, ಮತ್ತೆ, ಒಂದು ಚಣ, ಅಜ್ಜಿಯ ಮುಖ ನೋಡಿದಳು.

ಅಜ್ಜಿಯ ಮಡಿಲಿಂದ ಬೀಡಿ ಎಲೆಯೆಲ್ಲ ಚೆಲ್ಲಿತು.

"ವಾರಿಜಾ, ಏಣಿ ತಾ. ಕೇಡು ಬರುದಾದ್ರೆ ನಂಗೆ ಬರ್ಲಿ. ಮಣೆ ಇಳಿಸು."

ಆಮೇಲೆ ನಾನು ಅಟ್ಟ ಹತ್ತಲಿಲ್ಲ. ಕೇಡೂ ಬರಲಿಲ್ಲ, ಬಂದಿದ್ದರೂ ಅಜ್ಜಿ ಯಾರಿಗೂ ಹೇಳಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ನಾನು ಐರಿನ್ ಟೀಚರ ತರಗತಿಯ ಕಿಟಕಿ ಬದಿಗೆ ಬಂದೆ. ನಡುವೆ ಬಿರುಕು ಬಿಟ್ಟಿದೆ, ಹಿಡಿದೆತ್ತುವ ಒಂದು ಕಿವಿ ಮುರಿದಿದೆ. ಮಕ್ಕಳು ಕೆಲವರು ನನ್ನನ್ನು ಬೋರಲು ಹಾಕಿ ತಮಟೆ ಬಡಿಯುತ್ತಾರೆ. ಶನಿವಾರ ಮಾತ್ರ ಇಂಚರ ಬರುತ್ತಾಳೆ. ಈಗ ಇಪ್ಪತ್ತು ದಾಟಿದ ಹುಡುಗಿ; ಮಾತು ಇಂದಿಗೂ ಕಮ್ಮಿ. ಹೊಸದಾಗಿ ಸೇರಿದ ಮಗುವಿನ ಪಕ್ಕ, ಮುಖ ನೋಡದೆ ಕೂರುತ್ತಾಳೆ.

"ಈಗ ನಿಂದು," ಎನ್ನುತ್ತಾಳೆ.

ಕಾಯುವುದರಲ್ಲಿ ನಾನೇ ಹಳಬ ಎಂದುಕೊಂಡಿದ್ದೆ. ಅವಳು ತನ್ನ ಬಲಗೈಯನ್ನು ತೊಡೆಯಡಿಗೆ ಸೇರಿಸಿ, ಅದರ ಮೇಲೆ ಕೂರುವುದನ್ನು ನೋಡುವವರೆಗೆ.