ಬುಡ ಕತ್ತರಿಸಿದ ಗೆರೆ

ವಿಜ್ಞಾನ ಪತ್ರಿಕೆಯ ಏಳನೆಯ ಪುಟದಲ್ಲಿ ಅಚ್ಚಾಗಿದ್ದ ಅಳತೆಯ ಗೆರೆ ತನ್ನದೇ ಎಂದು ಗುರುತಿಸಲು ಅವಳಿಗೆ ಅರೆಕ್ಷಣವೂ ಬೇಕಾಗಲಿಲ್ಲ. ಬಲಗಡೆಯ ಇಳಿಜಾರಿನಲ್ಲಿ ಆ ಸಣ್ಣ ಗಂಟು ಹಾಗೇ ಇತ್ತು. ಅವತ್ತು ಅಳೆಯುವಾಗ ಅವಳ ಮೊಣಕೈ ಮೇಜಿಗೆ ತಾಗಿ ಎದ್ದದ್ದು. ಬುಡ ಮಾತ್ರ ಇರಲಿಲ್ಲ.

ಅದು ಲೇಸರ್ ಬೆಳಕಿನ ಒಂದು ಮಿಡಿತವನ್ನು ಅಳೆದ ಗೆರೆ. ಆ ಮಿಡಿತ ಎಷ್ಟು ಚಿಕ್ಕದೆಂದರೆ ಅದನ್ನು ಅಳೆಯುವ ಗಡಿಯಾರವೇ ಇಲ್ಲ. ಎರಡಾಗಿ ಸೀಳಿ, ಒಂದನ್ನು ಜಾರುವ ಕನ್ನಡಿಯಿಂದ ತುಸು ತಡಮಾಡಿಸಿ, ಹರಳಿನಲ್ಲಿ ಮತ್ತೆ ಕೂಡಿಸಿ, ಅದರಿಂದಲೇ ಅದನ್ನು ಅಳೆಯಬೇಕು. ಈ ಅಳತೆಗೊಂದು ಕೆಟ್ಟ ಬುದ್ಧಿಯಿದೆ. ಮಿಡಿತ ಚೊಕ್ಕವಾಗಿರದೆ ಕಲಸುಮೇಲೋಗರವಾಗಿದ್ದರೆ, ಅಗಲವಾದ ದಿಬ್ಬದ ನೆತ್ತಿಯ ಮೇಲೆ ಸೂಜಿಯಂಥ ಮೊನೆಯೊಂದು ಏಳುತ್ತದೆ. ಮೊನೆ ಸುಳ್ಳು, ದಿಬ್ಬದ ಅಗಲವೇ ಮಿಡಿತದ ನಿಜವಾದ ಉದ್ದ. ಇದನ್ನು ಅವಳಿಗೆ ಕಲಿಸಿದವನೇ ಅಣ್ಣ.

ಒಡಹುಟ್ಟಿದವನಲ್ಲ, ಪ್ರಯೋಗಾಲಯದ ಹಿರಿಯ. ಹನ್ನೊಂದು ವರ್ಷದಿಂದ ಬಾಯ್ತುಂಬ ಅಣ್ಣ ಎಂದಿದ್ದಳು. ಕನ್ನಡಿ ತಿರುಗಿಸುವಾಗ ಉಸಿರು ಬಿಗಿಹಿಡಿಯಬೇಕೆಂದು ತೋರಿಸಿಕೊಟ್ಟವನು. ಅವಳ ಅಪ್ಪ ತೀರಿಕೊಂಡಾಗ ಅವಳ ಕೆಲಸವನ್ನೂ ತಾನೇ ಮಾಡಿ ಮುಗಿಸಿದವನು. ಈ ಗೆರೆಯನ್ನು ಅವನ ಕೈಗೆ ಕೊಡುವಾಗ 'ಕೆಟ್ಟ ಮಿಡಿತ, ಬಳಸಬಾರದು' ಎಂದು ಬದಿಯಲ್ಲಿ ಬರೆದೂ ಕೊಟ್ಟಿದ್ದಳು. ಆ ಮಹಾರಾಯ ಬುಡದ ದಿಬ್ಬವನ್ನು ಕತ್ತರಿಸಿ ಎಸೆದು, ಮೊನೆಯನ್ನಷ್ಟೇ ತೋರಿಸಿ, ಇಷ್ಟು ಚಿಕ್ಕ ಮಿಡಿತ ಇನ್ಯಾರೂ ಮಾಡಿಲ್ಲವೆಂದು ಡಂಗುರ ಸಾರಿದ್ದ. ಕೆಳಗೆ, ಅಳತೆ ಮಾಡಿದವಳೆಂದು ಅವಳ ಹೆಸರು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ ಅಲ್ಲವೇ ಎನಿಸಿ ಅವಳಿಗೆ ಅಳುವೇ ಬಂತು.

ಅವಳು ಪತ್ರಿಕೆ ಹಿಡಿದು ಅವನ ಕೋಣೆಗೆ ಹೋದಾಗ ಅವನು ಫೋನಿನಲ್ಲಿ ಯಾರದೋ ಅಭಿನಂದನೆ ಕೇಳಿಸಿಕೊಳ್ಳುತ್ತಿದ್ದ. ಮುಗಿಯುವವರೆಗೂ ಕಾದಳು.

"ಬುಡ ಎಲ್ಲಿ ಹೋಯ್ತು, ಅಣ್ಣ?"

ಅವನು ಪುಟದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಜಾಗ ಸಾಲಲಿಲ್ಲ ಎಂದ. ಎಲ್ಲರೂ ಮಾಡುವುದೇ ಎಂದ. ಮುಂದಿನ ವರ್ಷ ನಿಜವಾಗಿಯೂ ಅಷ್ಟು ಚಿಕ್ಕದು ಮಾಡಿಬಿಟ್ಟರೆ ಇದು ಸುಳ್ಳಾಗಿ ಉಳಿಯುವುದಿಲ್ಲವಲ್ಲ ಎಂದು ನಕ್ಕೂಬಿಟ್ಟ.

"ಅದಕ್ಕೆ ನನ್ನ ಹೆಸರು ಯಾಕೆ ಹಾಕ್ದೆ?"

"ನೀನು ಅಳೆದಿದ್ದು ಅಂದ್ರೆ ಯಾರೂ ಎರಡನೇ ಸಲ ಕೇಳಲ್ಲ ಕಣೇ."

ಹೊಗಳಿಕೆ ಎಂದೇ ಹೇಳಿದ, ಪುಣ್ಯಾತ್ಮ.

ಮಧ್ಯಾಹ್ನ ಮೂರಕ್ಕೆ ಬೇರೆ ಪ್ರಯೋಗಾಲಯದವರು ಆ ಮಿಡಿತವನ್ನು ಕಣ್ಣಾರೆ ನೋಡಲು ಬರುವವರಿದ್ದರು. ಕನ್ನಡಿಯನ್ನು ಹೆಚ್ಚು ದೂರ ಓಡಿಸಬೇಡ, ನಡುವಿನ ಮೊನೆಯಷ್ಟೇ ಕಾಣಲಿ ಎಂದು ಅವನು ಮೆಲ್ಲಗೆ ಹೇಳಿ ಕಳಿಸಿದ. ಅವಳು ಹೋಗಿ ಉಪಕರಣ ಸಜ್ಜುಮಾಡಿದಳು.

ಬಂದವರು ಮೂವರು ಪರದೆಯ ಮುಂದೆ ನಿಂತರು. ಅಣ್ಣ ಅವಳ ಬೆನ್ನ ಹಿಂದೆಯೇ ಇದ್ದ. ಅವಳು ಅವನೇ ಕಲಿಸಿದಂತೆ ಉಸಿರು ಬಿಗಿಹಿಡಿದು, ಜಾರುವ ಕನ್ನಡಿಯನ್ನು ಹಳಿಯ ಕಟ್ಟಕಡೆಗೆ ಒಯ್ದು, ಅಲ್ಲಿಂದ ಬಿಟ್ಟಳು. ಪರದೆಯ ಮೇಲೆ ಹಸಿರು ಗೆರೆ ದಿಬ್ಬದ ಎಡಬುಡದಿಂದಲೇ ನಿಧಾನವಾಗಿ ಏರತೊಡಗಿತು. ಮೊನೆ ಬರಲು ಇನ್ನೂ ಬಹಳ ದೂರವಿತ್ತು.