ಅರ್ಧ ಮುದ್ರೆ

ಹದಿನೇಳನೇ ನಂಬರಿನ ಸ್ಪ್ಯಾನರು ತಣ್ಣಗಿದೆ, ಹೊರಗೆ ಈ ಅರಬರ ನಾಡಿನ ಶುವೈಖ್ ಪೇಟೆಯ ತಗಡೆಲ್ಲ ಕಾದು ಚಟಚಟ ಎನ್ನುವ ಮಧ್ಯಾಹ್ನದಲ್ಲೂ ಜೀಪಿನಡಿಯ ನೆರಳಿಗೆ ಇಷ್ಟು ತಂಪು, ಅಂಗೈಗೆ ಹಾಯೆನಿಸಬೇಕಿತ್ತು, ಎನಿಸಲಿಲ್ಲ ದೇಜಪ್ಪನಿಗೆ, ಮಲಗಿದಲ್ಲೇ ತಿರುಗಿಸಿ ನೋಡಿದ — ಹಿಡಿಗೆ ಸುತ್ತಿದ ನೀಲಿ ಚಿಂದಿ ಇನ್ನೂ ಇದೆ, ಉಸ್ತಾದ್ ಸುತ್ತಿದ್ದು, ಇರಾನಿನ ಮುದುಕ ಬಹ್ರಾಮ್, ಹನ್ನೊಂದು ವರ್ಷ ಈ ಗ್ಯಾರೇಜಿನಲ್ಲಿ ಕೆಲಸ ಕಲಿಸಿದವನು, ಎಂಜಿನ್ನಿಗೆ ಕಿವಿಯಿಟ್ಟು ಇದಕ್ಕೆ ಕೆಮ್ಮು, ಇದಕ್ಕೆ ಹೊಟ್ಟೆನೋವು ಎನ್ನುತ್ತಿದ್ದವನು, ಮೊದಲ ದಿನವೇ, ಅಷ್ಟುದ್ದದ ಹೆಸರು ಸುಲ್ತಾನನಿಗಾಯಿತು, ನಿನಗೆ ದೇಜಾ ಸಾಕು, ಯಲ್ಲಾ, ಜ್ಯಾಕ್ ತಾ, ಎಂದವನು. ಜೊತೆ ಕೆಲಸದ ಜೋಕಿಮ್ ಹೊರಗಿನಿಂದ ಚಕ್ರಕ್ಕೆ ಬಡಿಯುತ್ತಾನೆ, ಎಂತ ದೇಜಪ್ಪಣ್ಣ, ಜೀಪಿನಡಿ ಸಂಸಾರ ಹೂಡಿದ್ರಾ, ಇಲ್ಲ ಮಾರಾಯ, ನಟ್ಟು ಬಿಡ್ತಾ ಇಲ್ಲ — ನಟ್ಟು ಆಗಲೇ ಬಿಟ್ಟಿದೆ. ಊಟದ ಹೊತ್ತಿಗೆ ರೊಟ್ಟಿ ಹರಿದು, ಈರುಳ್ಳಿ ಗುದ್ದಿ, ಮುರುಕು ಹಿಂದಿಯಲ್ಲಿ ಉಸ್ತಾದ್ ಹೇಳುತ್ತಿದ್ದದ್ದು ಒಬ್ಬನದೇ ಕಥೆ, ತನ್ನ ಖುರಾಸಾನದ ಅಬು ಮುಸ್ಲಿಂ, ಸಾವಿರದಿನ್ನೂರು ವರ್ಷದ ಹಿಂದಿನ ದಂಡನಾಯಕ, ಕರಿ ಬಾವುಟ ಎತ್ತಿ ಒಂದು ವಂಶವನ್ನು ಕೆಡವಿ ಇನ್ನೊಂದಕ್ಕೆ ಗದ್ದುಗೆ ಕೊಟ್ಟವನು, ಕೊಟ್ಟ ಮೇಲೆ ಬೇಡವಾದವನು, ಖಲೀಫ ಬಾ ಎಂದು ಬೆಣ್ಣೆಯಂಥ ಕಾಗದ ಬರೆದ ದೇಜಾ, ಹೊರಡುವಾಗ ಇವನು ತನ್ನ ಬಂಟನಿಗೆ ಹೇಳಿದ, ಅರ್ಧ ಮುದ್ರೆ ಒತ್ತಿದ ಕಾಗದ ಬಂದರೆ ನನ್ನದು, ಪೂರ್ತಿ ಮುದ್ರೆ ಇದ್ದರೆ ಮೋಸ, ನಂಬಬೇಡ; ಅಲ್ಲಿ ಖಲೀಫ, ನಿನ್ನ ಕತ್ತಿ ಕೊಡು ನೋಡೋಣ ಎಂದು ತೆಗೆದುಕೊಂಡು ದಿಂಬಿನಡಿ ಇಟ್ಟ, ಚಪ್ಪಾಳೆ ತಟ್ಟಿದ, ಪರದೆಯ ಹಿಂದಿನಿಂದ ನಾಲ್ಕೈದು ಜನ, ಹೆಣವನ್ನು ಜಮಖಾನೆಯಲ್ಲಿ ಸುತ್ತಿದರು, ಆಮೇಲೆ ಬಂಟನಿಗೆ ಬಂದ ಕಾಗದದಲ್ಲಿ ಮುದ್ರೆ ಪೂರ್ತಿ ಇತ್ತು, ಅಲ್ಲಿಗೆ ಅವನಿಗೆ ಗೊತ್ತಾಯಿತು. ಉಸ್ತಾದ್ ನಗುತ್ತಾನೆ — ನಮಗೂ ಹಾಗೇ, ಉಸ್ತಾದ್ ಅಂತ ಅರ್ಧ ಕರೆದರೆ ಬರ್ತೇನೆ, ಉಸ್ತಾದ್ ಬಹ್ರಾಮ್ ಅಂತ ಪೂರ್ತಿ ಕರೆದೆಯೋ, ಹಿಂದಿನ ಗೋಡೆ ಹಾರ್ತೇನೆ, ಆ ನೋಯುವ ಮೊಣಕಾಲಲ್ಲಾ ಎಂದರೆ, ಹೂಂ, ಹಾರ್ತೇನೆ ನೋಡು.

ಇರಾನಿಗೂ ಇರಾಕಿಗೂ ಯುದ್ಧ ಶುರುವಾಗಿ ಐದನೆಯ ವರ್ಷ, ಇರಾನಿನವರೆಂದರೆ ಎಲ್ಲರಿಗೂ ಅನುಮಾನ, ಗ್ಯಾರೇಜಿನ ಒಡೆಯ ಕಫೀಲ್ ಉಸ್ತಾದನ ಇಕಾಮಾ ಹೊಸದು ಮಾಡಿಸಲಿಲ್ಲ, ಆ ಪರವಾನಗಿ ಇಲ್ಲದವನಿಗೆ ಈ ನೆಲದಲ್ಲಿ ಕಾಲೂರಲು ಜಾಗವಿಲ್ಲ, ಆ ದಿನ, ನಾಲ್ಕು ತಿಂಗಳಾಯಿತು, ಅವನನ್ನು ಒಯ್ಯಲು ಬಂದ ಇಬ್ಬರು ಆಫೀಸಿನಲ್ಲಿ ಚಾ ಕುಡಿಯುತ್ತಿದ್ದರು, ಕಫೀಲ್ ದೇಜಪ್ಪನ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬೆರಳಲ್ಲಿ ತಿರುಗಿಸುತ್ತ, ಕರೆ ಅವನನ್ನು, ನೀನು ಕರೆದರೆ ಬರ್ತಾನೆ, ಎಂದ — ನೀನು ಕರೆದರೆ ಬರ್ತದೆ ಎಂದಿದ್ದರು ಅಪ್ಪ, ಚಿಕ್ಕಂದಿನಲ್ಲಿ, ಕಾರ್ಕಳದಾಚೆಯ ಗದ್ದೆಯ ಬದುವಿನಲ್ಲಿ, ಕೊಳ್ಳಲು ಬಂದವನು ಹಗ್ಗವನ್ನು ಬೆನ್ನ ಹಿಂದೆ ಮರೆಸಿಕೊಂಡಿದ್ದ, ಬಾ ಬೊಳ್ಳಾ ಎಂದದ್ದೇ ಮುದಿ ಎತ್ತು ಮೇವು ಬಿಟ್ಟು ತಲೆಯಾಡಿಸುತ್ತ ಬಂದಿತ್ತು. ಗ್ಯಾರೇಜಿನ ಅಂಗಳ ದಾಟಲು ಮೂವತ್ತು ಹೆಜ್ಜೆ, ಪೂರ್ತಿ ಕರೆಯುತ್ತೇನೆ, ಪೂರ್ತಿಯೇ ಕರೆಯುತ್ತೇನೆ, ಊರಿನಲ್ಲಿ ಮೂವರು ಮಕ್ಕಳು, ಮೇಜಿನ ಮೇಲೆ ತಿರುಗುವ ಪಾಸ್‌ಪೋರ್ಟು, ಬಾಯಿ ತೆರೆದ, ಉಸ್ತಾದ್ — ಎಂದ, ಮುಂದಿನದು ನಾಲಿಗೆಯ ಬುಡದಲ್ಲೇ ನಿಂತಿತು, ಮುದುಕ ಬಾನೆಟ್ಟಿನಿಂದ ತಲೆಯೆತ್ತಿ ನಕ್ಕ, ಸ್ಪ್ಯಾನರು ಒರೆಸಿ ಇವನ ಕೈಗಿತ್ತ, ಹಿಡಿ, ಈಗ ಬಂದೆ, ಬಿಸಿಯಾಗಿತ್ತು ಅದು, ಅವನ ಅಂಗೈಯ ಬಿಸಿ. ಕೆಲಸ ಖಲಾಸಾ ದೇಜಪ್ಪಣ್ಣ, ಜೋಕಿಮ್ ಜೀಪಿನಡಿಗೆ ಬಗ್ಗಿ ನೋಡುತ್ತಾನೆ, ಆ ಹೆಸರನ್ನು ಯಾರು ಕರೆದರೂ ಈಗ ಕೇಳುವುದು ಆ ದಿನದ ದನಿಯೇ, ಗೇಟಿನ ಬಳಿ ಇಬ್ಬರ ನಡುವೆ ಉಸ್ತಾದ್, ಬಯ್ಯಲಿಲ್ಲ, ಅಳಲಿಲ್ಲ, ಹಿಂತಿರುಗಿ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅನ್ನದ್ದನ್ನು, ನಿಧಾನವಾಗಿ, ಒಂದಕ್ಷರ ಬಿಡದೆ, ದೇಜಪ್ಪ, ಎಂದ — ಸ್ಪ್ಯಾನರು ತಣ್ಣಗಿದೆ — ದೇಜಪ್ಪ, ಪೂರ್ತಿ, ದೇಜಪ್ಪ.