ಮದ್ದು ಹಾಕಿದವಳು

ನನ್ನ ತಮ್ಮ ಗಂಗಾಧರನಿಗೆ ನಾನೇ ಮದ್ದು ಹಾಕಿದ್ದೇನೆ ಎಂದು ಅವನ ಹೆಂಡತಿ ಶಾಂಭವಿ ಓಣಿಗೆಲ್ಲ ಸಾರಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ನಗು. ಹಡಗಲಿ ಬಸ್ ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುವವಳು ನಾನು, ಉಚ್ಚಂಗೆಮ್ಮ. ಮದ್ದು ಹಾಕುವ ಕೈಯಾಗಿದ್ದರೆ ಪುಗಸಟ್ಟೆ ತಿಂದು, ಎಣ್ಣೆ ವಾಸನೆ ಎಂದು ಮೂಗು ಮುರಿಯುವ ಸಂಬಂಧಿಕರನ್ನು ಇಷ್ಟು ವರ್ಷ ಬಿಡುತ್ತಿದ್ದೆನೇ?

ನಮ್ಮ ಕಡೆ ಮನುಷ್ಯ ಕೆಮ್ಮುತ್ತ, ಊಟ ಬಿಟ್ಟು ಸೊರಗಿದರೆ ಯಾರೋ ಆಗದವರು ತಿನ್ನುವುದರಲ್ಲಿ ಏನೋ ಬೆರೆಸಿದ್ದಾರೆ ಎನ್ನುತ್ತಾರೆ. ಅದೇ ಮದ್ದು. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ. ಗಂಗಾಧರ ಹೂವಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ಹರಾಜು ಕೂಗುವವನು. ಅವನು ಬಾಯಿ ತೆರೆದರೆ ನನ್ನ ಅಂಗಡಿಗೆ ಕೇಳುತ್ತಿತ್ತು. ಎರಡು ತಿಂಗಳಲ್ಲಿ ಆ ಗಂಟಲು ಬಿದ್ದುಹೋಯಿತು. ಮೀಸೆ ಬಂದಾಗಿನಿಂದ ಅವನ ತುಟಿಯಲ್ಲೇ ಸಂಸಾರ ಮಾಡಿಕೊಂಡಿದ್ದ ಸಿಗರೇಟಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಶಾಂಭವಿ ಅವನನ್ನು ಹಲವಾಗಲು ಊರಿನ ಆಚೆ ಮದ್ದು ತೆಗೆಯುವ ಯಾರದೋ ಬಳಿ ಕರೆದೊಯ್ದಳು. ಆತ ಕಷಾಯ ಕುಡಿಸಿ ವಾಂತಿ ಮಾಡಿಸಿದ. ಅದರಲ್ಲಿ ಮಂಡಕ್ಕಿ ಕಂಡಿತಂತೆ. ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಮಂಡಕ್ಕಿ ತಿಂದು ಬಸ್ ಹತ್ತಿದವನ ಹೊಟ್ಟೆಯಿಂದ ಮಸಾಲೆ ದೋಸೆ ಬರುತ್ತದೆಯೇ? ಅಷ್ಟಕ್ಕೇ ನನ್ನ ಅಪರಾಧ ಸಾಬೀತಾಯಿತು. ಗಂಗಾಧರ ಅಂಗಡಿಯ ಕಡೆ ಬರುವುದನ್ನೇ ಬಿಟ್ಟ. ಆಗ ನಗು ನಿಂತಿತು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ನನ್ನ ಕೈಯ ತಿನಿಸಿಗೆ ಹೆದರಿದನಲ್ಲ ಎಂದು ಈಗ ಸಿಟ್ಟು ಬಂತು.

ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಅವರ ಮನೆಗೆ ಹೋದೆ. ಗಂಗಾಧರ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದಂತೆ. ಮದ್ದು ತೆಗೆಸಿದ ಮೇಲೆ ಮುಖ ತುಂಬಿಕೊಂಡಿದೆ ಎಂದು ಶಾಂಭವಿ ಹೆಮ್ಮೆಯಿಂದ ತೋರಿಸಿದಳು. ತುಂಬಿಕೊಂಡದ್ದು ನಿಜ. ಕಣ್ಣು ಮುಚ್ಚುವಷ್ಟು ಊದಿತ್ತು, ಅಂಗಿಯ ಕೊರಳಿನ ಗುಂಡಿ ಕೂಡುತ್ತಿರಲಿಲ್ಲ. ಕುತ್ತಿಗೆಯ ನರಗಳು ಉಬ್ಬಿ ಎದೆಯವರೆಗೆ ಇಳಿದಿದ್ದವು. ಆದರೆ ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲದೆ ಹುರಿ ಕಟ್ಟಿಸಿಕೊಂಡಿತ್ತು. ಮೈಯೆಲ್ಲ ಇಳಿದು ಮುಖವೊಂದೇ ಏರುವುದು ಎಂಥ ಚೇತರಿಕೆ? ನಾನು ತಂದಿದ್ದ ಬೈಗುಳವೆಲ್ಲ ಮರೆತುಹೋಯಿತು. ನನಗೆ ಹೆದರಿಕೆಯಾಯಿತು.

ಆಸ್ಪತ್ರೆ ಎಂದರೆ ಶಾಂಭವಿ ಕೇಳುವವಳಲ್ಲ. ನನ್ನ ಮರ್ಯಾದೆಯನ್ನೇ ಪಣಕ್ಕಿಟ್ಟೆ.

"ಎದಿ ಫೋಟೋ ತೆಗಸೂಣು ನಡಿ. ಮದ್ದು ಕಂಡ್ರ ಓಣ್ಯಾಗ ನಿಂದ್ರಿಸಿ ನನ್ನ ಮಾರಿಗೆ ಸಗಣಿ ಬಳಿ" ಎಂದೆ.

ಅವಳು ಎಷ್ಟು ಹುರುಪಿನಿಂದ ಹೊರಟಳೆಂದರೆ, ದಾವಣಗೆರೆಯ ಬಸ್ಸಿನಲ್ಲಿ ಮೊದಲು ಸೀಟು ಹಿಡಿದವಳೇ ಅವಳು.

ಡಾಕ್ಟರು ಗಂಗಾಧರನಿಗೆ ಎರಡೂ ಕೈ ಮೇಲೆತ್ತಲು ಹೇಳಿದರು. ಎತ್ತಿದ ಸ್ವಲ್ಪ ಹೊತ್ತಿಗೆ ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅಂದೇ ದಾಖಲು ಮಾಡಿಕೊಂಡರು. ಸ್ಕ್ಯಾನು, ಸೂಜಿ ಪರೀಕ್ಷೆ ಮುಗಿದ ಮೇಲೆ ನಮ್ಮಿಬ್ಬರನ್ನು ಕರೆದು ಹೇಳಿದರು: ಶ್ವಾಸಕೋಶದ ಕ್ಯಾನ್ಸರ್, ಸ್ಮಾಲ್ ಸೆಲ್ ಎನ್ನುವ ಜಾತಿ, ಬೇಗ ಹರಡುವಂಥದ್ದು. ಎದೆಯೊಳಗಿನ ಗಡ್ಡೆ ಮುಖದಿಂದ ರಕ್ತ ಇಳಿಯುವ ದೊಡ್ಡ ನಾಳವನ್ನು ಅಮುಕಿದೆ, ದನಿಯ ನರವನ್ನೂ ಹಿಡಿದಿದೆ. ಪೂರ್ತಿ ಗುಣವಾಗುತ್ತದೆಂದು ಮಾತು ಕೊಡಲಾರೆ, ಆದರೆ ಚಿಕಿತ್ಸೆಗೆ ಗಡ್ಡೆ ಕರಗಬಹುದು, ಇಂದೇ ಶುರುವಾಗಬೇಕು ಎಂದರು. ಮದ್ದಿನ ಸುದ್ದಿ ಅವರ ಬಾಯಲ್ಲಿ ಬರಲೇ ಇಲ್ಲ.

ನಾನು ಗೆದ್ದಿದ್ದೆ. ಅಂಥ ದರಿದ್ರ ಗೆಲುವು ಯಾರಿಗೂ ಬೇಡ.

ಶಾಂಭವಿ ಹೊರಗೆ ನೆಲದ ಮೇಲೆ ಕುಸಿದು ನನ್ನ ಸೀರೆಯ ಅಂಚು ಹಿಡಿದುಕೊಂಡಳು. ಈ ಆಸ್ಪತ್ರೆ ಬೇಡ, ಊರಿಗೆ ಹೋಗೋಣ ಎಂದು ಅತ್ತಳು.

"ಅಕ್ಕಾರ, ಮದ್ದು ನಾನ ಹಾಕೀನಿ ಅನ್ರಿ. ಒಂದ ಸಲ ಅನ್ರಿ. ಮತ್ತೊಮ್ಮಿ ಕಕ್ಕಿಸಿದ್ರ ಹೋಗತೈತಿ."

ಬಾಗಿಲಿನಾಚೆ ಗಂಗಾಧರ ಕೆಮ್ಮುತ್ತಿದ್ದ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ಹೌದವ್ವ, ನಾನ ಹಾಕೀನಿ" ಎಂದೆ. "ಆದ್ರ ಇದು ಕಕ್ಕಿದ್ರ ಹೋಗೂದಲ್ಲ. ಇಲ್ಲೇ ತೆಗಸೂಣು."